ಏಳು ಗಂಟೆಯ ನಂತರದ ನೀರು

ನಿಗೋರಿಸಾವಾ, ಕೆಳಪೇಟೆ
ಮಾರ್ಚ್ 14

ಹಿಗುಚಿ ಯಾಸುಯೋ ಅವರಿಗೆ,

ನಮ್ಮ ಮನೆಯವರ ನಲವತ್ತೊಂಬತ್ತನೆಯ ದಿನದ ಕಾರ್ಯ ನಿನ್ನೆ ನಡೆಯಿತು. ನೀವು ಕಳಿಸಿದ ಊದುಬತ್ತಿಯ ಪೆಟ್ಟಿಗೆ ಹಿಂದಿನ ದಿನವೇ ಬಂದಿತ್ತು. ಹಚ್ಚಿದೆವು. ಬಂದದ್ದಕ್ಕೆ ಉತ್ತರ ಬರೆಯುವುದು ವಾಡಿಕೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಹಿಮ ಇನ್ನೂ ಕಿಟಕಿಯ ಮಟ್ಟದಲ್ಲಿದೆ. ನಿಮ್ಮ ತೋಫು ಅಂಗಡಿಯ ಛಾವಣಿಯಿಂದ ಪೇಟೆಯವರು ಎರಡು ಸಲ ಹಿಮ ಇಳಿಸಿದರು. ಬೀಗ ಹಾಕಿದ ಮನೆಯ ಛಾವಣಿ ಯಾರ ಜವಾಬ್ದಾರಿ ಎಂದು ಪುರಸಭೆಗೆ ಫೋನ್ ಮಾಡಿದರೆ “ಮಾಲೀಕರದು” ಎಂದರಂತೆ. ಮಾಲೀಕರು ಸಮುದ್ರದ ದಡದ ಊರಿಗೆ ಹೋಗಿದ್ದಾರೆ ಎಂದದ್ದಕ್ಕೆ “ಹಾಗಾದ್ರೆ ಅಕ್ಕಪಕ್ಕದವರದು” ಎಂದರಂತೆ. ಪುರಸಭೆಯದು ಏನು ಎಂದು ಕೇಳುವಷ್ಟರಲ್ಲಿ ಊಟದ ಹೊತ್ತಾಯಿತೆಂದು ಫೋನ್ ಇಟ್ಟರಂತೆ.

ಅತ್ತೆಗೆ ತೊಂಬತ್ತು ತುಂಬಿತು. ಬೆಳಗಿನಿಂದ ಮಗನ ಫೋಟೋದ ಮುಂದೆ ಕೂತಿರುತ್ತಾರೆ. ನಿಮ್ಮ ಹೆಸರು ಎತ್ತುವುದಿಲ್ಲ. ನಿಮ್ಮ ಅಂಗಡಿಯ ಕಡೆಗಿರುವ ಕಿಟಕಿಯ ಪರದೆ ಸರಿಸಲು ಬಿಡುವುದಿಲ್ಲ.

ಜನವರಿ ಇಪ್ಪತ್ತನಾಲ್ಕರ ಬೆಳಗ್ಗೆ, ನಮ್ಮ ಮನೆಯವರನ್ನು ಹಿಮ ತಳ್ಳುವ ಕಾಲುವೆಯಿಂದ ಎತ್ತಿದ ಮೇಲೆ, ಪೇಟೆಯ ಮುಖ್ಯಸ್ಥರಾದ ಒನೋಜುಕಾ ಮಾಸ್ತರ ಎದುರಿಗೆ, ಅಷ್ಟೂ ಜನ ಕೇಳುವ ಹಾಗೆ ನೀವೇ ಹೇಳಿದಿರಿ: “ಇವತ್ತು ಸರದಿ ಹಲಗೆ ನನ್ ಮನೇಲಿತ್ತು, ಕಾವಲು ನಂದಾಗಿತ್ತು. ಏಳು ಗಂಟೆಗೆ ಕಾಲುವೆ ಮುಚ್ಚಳಗಳನ್ನ ತುಳಿದು ನೋಡ್ಕೊಂಡು ಬರ್ಬೇಕಿತ್ತು. ಹೋಗ್ಲಿಲ್ಲ. ತಪ್ಪು ನಂದು.” ಹನ್ನೊಂದನೆಯ ದಿನ ಅಂಗಡಿಗೆ ಬೀಗ ಹಾಕಿ ಹೋದಿರಿ. ನನಗೆ ಹೇಳಿ ಹೋಗಲಿಲ್ಲ. ನೀವು ಹೇಳಿದ ಮಾತಿಗೆ ನಾನು ಸೇರಿಸುವುದೇನೂ ಇಲ್ಲ.

ಸರದಿಯ ಪುಸ್ತಕದಲ್ಲಿ ಆ ದಿನದ ಸಾಲು ಖಾಲಿಯೇ ಇದೆ. ಮಾಸ್ತರು ತೋರಿಸಿದರು.

ಆರೋಗ್ಯ ನೋಡಿಕೊಳ್ಳಿ.

ಮಿನಾಗಾವಾ ಕಿನುಯೆ


ಯಾಯ್ಜು
ಮಾರ್ಚ್ 25

ಕಿನುಯೆ ಅಕ್ಕ,

ಇಪ್ಪತ್ತಮೂರು ವರ್ಷ ‘ಲೇ ಯಾಸುಯೋ’ ಎಂದು ಕರೆದವರು ‘ನೀವು’ ಎಂದು ಬರೆದಿದ್ದೀರಿ. ಬೈದು ಬರೆದಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ. ಆದರೂ ಬರೆದಿರಲ್ಲ, ಅಷ್ಟೇ ಸಾಕು.

ಇಲ್ಲಿ ಹಿಮ ಬೀಳುವುದೇ ಇಲ್ಲ. ಫೆಬ್ರವರಿಯಲ್ಲೇ ಪ್ಲಮ್ ಹೂವು ಉದುರಿ ಹೋಗಿದೆ. ನನ್ನ ಒಡಹುಟ್ಟಿದ ಅಕ್ಕನ ಗಂಡ ಬಂದರಿನಲ್ಲಿ ಮೀನು ಒಣಗಿಸುವ ಕಡೆ ಕೆಲಸ ಕೊಡಿಸಿದ್ದಾರೆ. ನಾಲ್ಕು ಗಂಟೆಗೆ ಎದ್ದು ಸೋಯಾ ಕಾಳು ರುಬ್ಬುತ್ತಿದ್ದವಳಿಗೆ ಏಳಕ್ಕೆ ಎದ್ದರೆ ಸಾಕು ಎಂದರೆ ಕೈಕಾಲು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಕಾಯಿಸಿದ ಸೋಯಾ ಹಾಲು ಒಡೆದು ತೋಫು ಕಟ್ಟುವ ವಾಸನೆ ಈಗಲೂ ಮೂಗಿನಲ್ಲಿದೆ.

ಇಲ್ಲಿನ ಚರಂಡಿಗೂ ಕಬ್ಬಿಣದ ಮುಚ್ಚಳಗಳಿವೆ. ಮೊನ್ನೆ ಗೊತ್ತಿಲ್ಲದೆಯೇ ಒಂದನ್ನು ಹಿಮ್ಮಡಿಯಿಂದ ತುಳಿದೆ. ಠಣ್ ಎಂದಿತು. “ಏನೇ ಅದು, ಕಾಲು ನೋವಾ?” ಎಂದಳು ಅಕ್ಕ. ಹೌದು ಎಂದೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಬೇಡಿ. ನಿಮ್ಮ ಮನೆಯವರಿಗೆ, ಶೋಹೇಯ್ ಭಾವನಿಗೆ, ಕರಿದ ತೋಫು ಎಂದರೆ ಪ್ರಾಣ. ಫೋಟೋದ ಮುಂದೆ ಒಂದು ತುಂಡು ಇಡಿ, ಯಾರ ಅಂಗಡಿಯದಾದರೂ ಸರಿ.

ಯಾಸುಯೋ


ನಿಗೋರಿಸಾವಾ
ಏಪ್ರಿಲ್ 29

ಲೇ ಯಾಸುಯೋ,

ಭಾನುವಾರ ಕಾಲುವೆಯ ನೀರು ಕಟ್ಟಿ ಪೇಟೆಯವರೆಲ್ಲ ಹೂಳೆತ್ತಿದರು. ಮಧ್ಯಾಹ್ನ ಒನೋಜುಕಾ ಮಾಸ್ತರು ಬಾಗಿಲಿಗೆ ಬಂದರು. ಕೈಯಲ್ಲಿ ಮುಚ್ಚಳ ಎತ್ತುವ ಕೊಕ್ಕೆ.

“ಕೆಳಗಿನ ಜಾಲರಿಯಲ್ಲಿ ಸಿಕ್ಕಾಕೊಂಡಿತ್ತು ಕಣಮ್ಮ. ಕೆಂಪು ಬಟ್ಟೆ ಸುತ್ತಿದೆ. ನಿಮ್ಮನೇದೇ ಅಲ್ವಾ?”

“ನಮ್ದೇ. ಎಲ್ಲೋ ಬಿದ್ದುಹೋಗಿತ್ತು,” ಎಂದೆ.

ಕೆಳಗಿನ ಜಾಲರಿ ಎಂದರೆ ನಮ್ಮ ಮನೆಯವರು ಸಿಕ್ಕ ಜಾಗ. ಮಾಸ್ತರಿಗೂ ಅದು ನೆನಪಾಗಿರಬೇಕು. ಕೊಕ್ಕೆಯನ್ನು ಗೋಡೆಗೆ ಒರಗಿಸಿ, ಟೋಪಿ ತೆಗೆದು ನಮಸ್ಕರಿಸಿ ಹೋದರು.

ಅದು ಎಲ್ಲೋ ಬಿದ್ದುಹೋಗಿರಲಿಲ್ಲ. ಆ ಬೆಳಗ್ಗೆ ಏಳೂವರೆಗೆ ನಮ್ಮ ಮನೆ ಮುಂದಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಕೊಕ್ಕೆಯನ್ನು ಅದರಲ್ಲೇ ಬಿಟ್ಟಿದ್ದೆ. ಮುಚ್ಚಳ ತೆಗೆದವಳು ನಾನು.

ಬರೆದುಬಿಟ್ಟೆ. ಮೂರು ತಿಂಗಳಿಂದ ಬಾಯಲ್ಲಿ ಕಲ್ಲಿಟ್ಟುಕೊಂಡ ಹಾಗಿತ್ತು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ಒಂದು ಸಲವಾದರೂ ನಾನು ಇದನ್ನು ಪೂರ್ತಿ ಹೇಳಬೇಕು. ಆರರಿಂದ ಏಳು ಕೆಳಪೇಟೆಯ ಹೊತ್ತು. ಆ ಒಂದು ಗಂಟೆಯಲ್ಲಿ ನಮ್ಮ ನಮ್ಮ ಮನೆ ಮುಂದಿನ ಹಿಮವನ್ನು ಕಾಲುವೆಗೆ ತಳ್ಳಿ ಮುಗಿಸಬೇಕು. ಏಳರ ನಂತರದ ನೀರು ಮೇಲ್ಪೇಟೆಯವರದು. ಅವರ ಹಿಮವನ್ನೆಲ್ಲ ಹೊತ್ತು ನಮ್ಮ ಮುಚ್ಚಳಗಳ ಕೆಳಗೆ ಹಾಯುತ್ತದೆ, ಎರಡು ಪಟ್ಟು ರಭಸ. ಆಗ ನಮ್ಮಲ್ಲಿ ಮುಚ್ಚಳ ತೆಗೆಯಬಾರದು. ಈ ಊರಿನಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು. ಆದರೆ ಆರರಿಂದ ಏಳು ಎಂದರೆ ನಿನ್ನ ಹಾಲು ಒಡೆದು ಅಚ್ಚಿಗೆ ಬೀಳುವ ಹೊತ್ತು. ಒಲೆ ಬಿಟ್ಟು ಬಂದರೆ ಅಂದಿನ ತೋಫು ಕೆಟ್ಟಿತು. ಅದಕ್ಕೇ ನಿನ್ನ ಗಂಡ ತೀರಿಕೊಂಡಾಗಿನಿಂದ ಹನ್ನೊಂದು ಚಳಿಗಾಲ ನಿನ್ನ ಅಂಗಡಿ ಮುಂದಿನ ಹಿಮವನ್ನು ನಾನು ನಮ್ಮ ಮುಚ್ಚಳದಿಂದಲೇ ಹಾಕುತ್ತಿದ್ದೆ. ಹೊತ್ತು ಮೀರಿದರೂ ಹಾಕುತ್ತಿದ್ದೆ. ಸರದಿ ಹಲಗೆ ಯಾರ ಕೈಯಲ್ಲಿದ್ದರೂ ಮುಖ ಆ ಕಡೆ ತಿರುಗಿಸುತ್ತಿದ್ದರು. ತೋಫು ಎಲ್ಲರಿಗೂ ಬೇಕಲ್ಲ.

ಮೂರು ದಿನದ ಬಿರುಗಾಳಿ ಅದು. ಪುರಸಭೆಯ ಹಿಮ ತಳ್ಳುವ ಯಂತ್ರ ಮುಂಜಾನೆ ಮೂರಕ್ಕೆ ಬರಬೇಕಾದದ್ದು ಏಳೂ ಇಪ್ಪತ್ತಕ್ಕೆ ಬಂತು. ರಸ್ತೆ ಬಳಿದುಕೊಂಡು ಹೋಗಿ ನಿನ್ನ ಅಂಗಡಿಯ ಬಾಗಿಲಿಗೆ ಎದೆಯುದ್ದದ ಗೋಡೆ ಕಟ್ಟಿತು. ನೀನು ಒಳಗೆ, ಎರಡು ಹಂಡೆ ಕುದಿಯುತ್ತಿದೆ. ನಾನು ಮುಚ್ಚಳ ತೆಗೆದು, ದೊಡ್ಡ ತಳ್ಳುಸಲಿಕೆ ಎಳೆದುಕೊಂಡು ನಿನ್ನ ಬಾಗಿಲಿಗೆ ಬಂದೆ. ಮೊದಲ ಸಲಿಕೆ ತುಂಬುತ್ತಿರುವಾಗ ಅವರ ದನಿ ಕೇಳಿತು: “ಕಿನುಯೆ, ಸಾರು ಆರಿಹೋಗ್ತಿದೆ ಕಣೇ!”

“ಬಂದೆ ಇರ್ರೀ, ಇದೊಂದು ಸಲಿಕೆ!” ಎಂದೆ.

ಗಾಳಿಗೆ ಹಿಮ ಎದ್ದು ಎರಡು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಸಲಿಕೆ ತಳ್ಳಿಕೊಂಡು ಬಂದಾಗ ಕಾಲುವೆಯ ಅಂಚಿನಲ್ಲಿ ಅವರ ಒಂದು ಚಪ್ಪಲಿ ಇತ್ತು. ಮನೆಯೊಳಗೆ ಹಾಕುವ ಚಪ್ಪಲಿ. ಬೂಟು ಕೂಡ ಹಾಕಿಕೊಳ್ಳದೆ ನನ್ನನ್ನು ಬೆಳಗಿನ ಊಟಕ್ಕೆ ಕರೆಯಲು ಬಂದಿದ್ದರು.

ಕೂಗಿಕೊಂಡು ನಾನು ಜಾಲರಿಯ ಕಡೆ ಓಡಿದೆ. ಗಾಳಿ ಒಂದು ಕ್ಷಣ ತಗ್ಗಿತು, ತಿರುಗಿ ನೋಡಿದಾಗ ಮುಚ್ಚಳದ ಹತ್ತಿರ ಇದ್ದವಳು ನೀನೊಬ್ಬಳೇ.

ಆಮೇಲೆ ನೀನು ಆ ಮಾತು ಹೇಳಿದೆ. ನೀನು ನಿಜವಾಗಿಯೂ ನಡೆದು ನೋಡಿಲ್ಲ, ಹಾಗಾಗಿ ಏಳಕ್ಕೂ ಮೊದಲೇ ತೆರೆದ ಮುಚ್ಚಳ ಮುಚ್ಚದೆ ಉಳಿದಿತ್ತು ಎಂದು ನಂಬಿದ್ದೀಯ ಎಂದುಕೊಂಡೆ. ಅವಳೇ ನಂಬಿದ್ದರೆ ನಾನೇಕೆ ತಿದ್ದಲಿ ಎಂದು ಆ ಮರೆಯಲ್ಲಿ ಅಡಗಿ ಕೂತೆ. ನಿನಗೆ ‘ನೀವು’ ಎಂದು ಬರೆದೆ. ನಾಚಿಕೆಗೇಡಿ ನಾನು.

ಆದರೆ ಕೊಕ್ಕೆ ತಾನಾಗಿಯೇ ನೀರಿಗೆ ಹಾರುವುದಿಲ್ಲ. ಯಾಸುಯೋ, ನೀನು ಅದನ್ನು ನೋಡಿದೆಯಾ?

ಕಿನುಯೆ


ಯಾಯ್ಜು
ಜೂನ್ 21

ಕಿನುಯೆ ಅಕ್ಕ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದೆ, ನಾಲ್ಕನ್ನೂ ಹರಿದೆ. ಮೀನಿನ ವಾಸನೆಯ ಕೈ, ಕಾಗದವೆಲ್ಲ ಜಿಡ್ಡು.

ನೋಡಿದೆ.

ಅಷ್ಟೇ ಅಲ್ಲ. ಆ ದಿನ ನಾನು ನಡೆದಿದ್ದೆ. ಏಳಕ್ಕೆ ಹಂಡೆಯ ಉರಿ ತಗ್ಗಿಸಿ, ಹಲಗೆ ಕೊರಳಿಗೆ ಹಾಕಿಕೊಂಡು, ಹದಿನಾಲ್ಕು ಮುಚ್ಚಳಗಳನ್ನೂ ತುಳಿದು ಬಂದೆ. ನಿಮ್ಮದು ಒಂಬತ್ತನೆಯದು. ಎರಡು ಸಲ ತುಳಿದೆ, ಗಾಳಿಯಲ್ಲಿ ಮೊದಲನೆಯ ಸಲ ಸದ್ದು ಕೇಳಿಸಲಿಲ್ಲ ಅಂತ. ಗಟ್ಟಿಯಾಗಿ ಕೂತಿತ್ತು. ಪುಸ್ತಕಕ್ಕೆ ಸಹಿ ಹಾಕುವುದೊಂದೇ ಬಾಕಿ. ಹಾಲು ಉಕ್ಕುತ್ತದೆಂದು ಅಂಗಡಿಗೆ ಓಡಿದೆ.

ನೀವು ಕೂಗಿದ್ದು ಕೇಳಿ ಹಿಮ ಹತ್ತಿ ಹೊರಗೆ ಬಂದಾಗ ನನ್ನ ಬಾಗಿಲ ಮುಂದಿನ ಗೋಡೆಯಲ್ಲಿ ಒಂದು ಸಲಿಕೆಯಷ್ಟು ಜಾಗ ಖಾಲಿಯಾಗಿತ್ತು. ನಿಮ್ಮ ಮನೆ ಮುಂದೆ ಮುಚ್ಚಳ ಬದಿಗಿತ್ತು, ಅದರಲ್ಲಿ ಕೆಂಪು ಬಟ್ಟೆಯ ಕೊಕ್ಕೆ. ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ತಲೆಯೆತ್ತಿದರೆ ಮಾಳಿಗೆಯ ಕಿಟಕಿಯಲ್ಲಿ ಅತ್ತೆಯವರು ನಿಂತಿದ್ದರು. ಹಿಮ ಹೊಡೆಯುತ್ತಿದ್ದ ಗಾಜು, ಅವರಿಗೇನು ಕಂಡಿತೋ ತಿಳಿಯದು. ಈ ಮನೆಯಲ್ಲಿ ಇನ್ನು ಮುಂದೆ ಇವರಿಬ್ಬರೇ ಇರಬೇಕು ಎಂದು ಹೊಳೆಯಿತು. ಕೊಕ್ಕೆ ಕಿತ್ತು ನೀರಿಗೆ ಹಾಕಿದೆ. ಯೋಚಿಸಿ ಮಾಡಿದ್ದಲ್ಲ. ಮಾಸ್ತರು ಬಂದಾಗ ಆ ಮಾತೂ ತಾನಾಗಿಯೇ ಬಾಯಿಗೆ ಬಂತು.

ತ್ಯಾಗ ಗೀಗ ಎಂದುಕೊಳ್ಳಬೇಡಿ. ಅದು ನನ್ನ ಹಿಮ, ಅಕ್ಕ. ಹನ್ನೊಂದು ವರ್ಷ ನನ್ನ ಹಿಮವನ್ನು ನಿಮ್ಮ ಕೈಯಲ್ಲಿ ಹೊರಿಸಿದೆ. ಒಂದು ದಿನವಾದರೂ “ಹೊತ್ತಾಯ್ತು, ಬಿಡಿ ಅಕ್ಕ, ಗಿರಾಕಿಗಳು ಗೋಡೆ ಹತ್ತಿ ಬರ್ಲಿ” ಎನ್ನಬಹುದಿತ್ತು. ಅನ್ನಲಿಲ್ಲ. ಕುದಿಯುವ ಹಂಡೆಯ ಮುಂದೆ ನಿಂತು, ಹೊರಗೆ ನಿಮ್ಮ ಸಲಿಕೆಯ ಸದ್ದು ಕೇಳಿ, ಆಹಾ ಎಂದುಕೊಳ್ಳುತ್ತಿದ್ದೆ.

ಇದನ್ನು ಯಾರಿಗೂ ಹೇಳಬೇಡಿ. ನಾನು ಊರು ಬಿಟ್ಟಾಗಿದೆ, ನೀವು ಅಲ್ಲಿ ಬಾಳಬೇಕು.

ಯಾಸುಯೋ


ನಿಗೋರಿಸಾವಾ
ಆಗಸ್ಟ್ 18

ಯಾಸುಯೋ,

ಅವರ ಮೊದಲ ಬೋನ್ ಹಬ್ಬ ಮುಗಿಯಿತು. ಸತ್ತವರಿಗೆ ದಾರಿ ಕಾಣಲೆಂದು ಬಾಗಿಲಿಗೆ ಬಿಳಿ ಲಾಂದ್ರ ಕಟ್ಟಿದೆವು. ಅತ್ತೆ ಅದನ್ನು ಕಾಲುವೆಯ ಕಡೆಯಲ್ಲ, ತೋಟದ ಕಡೆ ಕಟ್ಟು ಎಂದರು. “ಆ ದಾರೀಲಿ ಬರೋದು ಬೇಡ ನನ್ ಮಗ,” ಎಂದರು.

ನಿನ್ನ ಕಾಗದ ಓದಿದ ದಿನದಿಂದ ನಾನು ಆ ಮುಚ್ಚಳದ ಮೇಲೆ ಕಾಲಿಡುತ್ತಿಲ್ಲ. ಬೇಸಿಗೆಯಲ್ಲಿ ಅದೊಂದು ಕಬ್ಬಿಣದ ಹಲಗೆ, ಪಕ್ಕದ ಮನೆಯ ಬೆಕ್ಕು ಅದರ ಮೇಲೆ ಮಲಗುತ್ತದೆ. ನಾನು ಮಾತ್ರ ಸುತ್ತಿ ಬರುತ್ತೇನೆ.

ಮೊನ್ನೆ ಹಬ್ಬಕ್ಕೆ ಬಂದ ನೆಂಟರ ಮುಂದೆ ಅತ್ತೆ ಮೊದಲ ಬಾರಿಗೆ ನಿನ್ನ ಹೆಸರು ಎತ್ತಿದರು. “ಹಿಗುಚಿ ಮನೆಯವಳ ಸೋಮಾರಿತನಕ್ಕೆ ನನ್ ಮಗ ಹೋದ,” ಎಂದರು. ನಾನು ಕಲ್ಲಂಗಡಿ ಹೆಚ್ಚುತ್ತಿದ್ದೆ. ಅವಳು ಸೋಮಾರಿಯಲ್ಲ ಅತ್ತೆ ಎಂದು ಒಂದು ಮಾತು ಹೇಳುವುದಕ್ಕೆ ನನ್ನ ಬಾಯಿ ಏಳಲಿಲ್ಲ. ಹೆಚ್ಚಿ ಎಲ್ಲರಿಗೂ ಹಂಚಿದೆ. ಹನ್ನೊಂದು ವರ್ಷ ಬೆಳಗಿನ ನಾಲ್ಕಕ್ಕೆ ನಿನ್ನ ಅಂಗಡಿಯ ದೀಪ ಉರಿಯುವುದನ್ನು ನೋಡಿದವಳು ನಾನು.

ಹೇಳಬೇಕು ಯಾಸುಯೋ. ಹೇಗೆ ಎಂದು ತಿಳಿಯುತ್ತಿಲ್ಲ.

ಕಿನುಯೆ


ಯಾಯ್ಜು
ಆಗಸ್ಟ್ 27

ಕಿನುಯೆ ಅಕ್ಕ,

ಬೇಡ. ಕೈಮುಗಿಯುತ್ತೇನೆ. ಅತ್ತೆಯವರು ಇನ್ನೆಷ್ಟು ವರ್ಷ? ಅಷ್ಟು ದಿನ ನನ್ನನ್ನು ಬೈದುಕೊಂಡಿರಲಿ. ಬೈಗುಳ ಇಲ್ಲಿವರೆಗೆ ಕೇಳಿಸುವುದಿಲ್ಲ. ಸೊಸೆಯ ಕೈ ಅನ್ನ ಬೇಡ ಎನ್ನುವ ಸ್ಥಿತಿ ಆ ವಯಸ್ಸಿನಲ್ಲಿ ಅವರಿಗೂ ಬರಬಾರದು, ನಿಮಗೂ ಬರಬಾರದು.

ಇದೇ ನನ್ನ ಕೊನೆಯ ಮಾತು. ಈ ವಿಷಯ ಬರೆದರೆ ಉತ್ತರ ಬರೆಯುವುದಿಲ್ಲ.

ಯಾಸುಯೋ


ನಿಗೋರಿಸಾವಾ
ಅಕ್ಟೋಬರ್ 19

ಯಾಸುಯೋ,

ಉತ್ತರ ಬರೆಯಬೇಡ, ಆದರೆ ಓದು.

ಪುರಸಭೆಯಿಂದ ಮನೆಮನೆಗೆ ಒಂದು ಸುತ್ತೋಲೆ ಬಂದಿದೆ. ಇದ್ದ ಹಾಗೆಯೇ ಬರೆಯುತ್ತೇನೆ: “ಕಳೆದ ಚಳಿಗಾಲದಲ್ಲಿ ಕೆಳಪೇಟೆಯ ಸರದಿ ಹೊತ್ತ ನಿವಾಸಿಯ ನಿರ್ಲಕ್ಷ್ಯದಿಂದ ಸಂಭವಿಸಿದ ಸಾವಿನ ಹಿನ್ನೆಲೆಯಲ್ಲಿ, ನಿವಾಸಿಗಳು ಹೊಣೆ ನಿರ್ವಹಿಸಲು ಅಸಮರ್ಥರೆಂದು ಕಂಡುಬರುವುದರಿಂದ, ಸದರಿ ಪೇಟೆಯ ಕಾಲುವೆಯ ಮುಚ್ಚಳಗಳನ್ನು ಶಾಶ್ವತವಾಗಿ ಬೆಸೆಯುವ ಬಗ್ಗೆ ಅಭಿಪ್ರಾಯ ಆಹ್ವಾನಿಸಲಾಗಿದೆ.” ನವೆಂಬರ್ ಹದಿನಾರಕ್ಕೆ ಸಭೆ. ಮುಚ್ಚಳ ಬೆಸೆದರೆ ಹದಿನಾಲ್ಕು ಮನೆಯ ಹಿಮವನ್ನು ತಲೆಯ ಮೇಲೆ ಹೊತ್ತುಕೊಳ್ಳುವುದಾ? ಅದು ಸುತ್ತೋಲೆಯಲ್ಲಿ ಇಲ್ಲ.

ಕಾಲುವೆ ಹಾಳಾಗಿ ಹೋಗಲಿ. ‘ನಿರ್ಲಕ್ಷ್ಯ’ ಎಂಬ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಬಾಯಿಮಾತಾಗಿದ್ದಾಗ ಹೇಗೋ ಸಹಿಸಿದ್ದೆ. ಈಗ ಅಚ್ಚಾಗಿ, ಮೊಹರು ಬಿದ್ದು, ಪ್ರತಿ ಮನೆಯ ಗೋಡೆಗೆ ಅಂಟಿದೆ. ನಿನ್ನ ಬೀಗ ಹಾಕಿದ ಬಾಗಿಲಿಗೂ ಒಂದನ್ನು ಅಂಟಿಸಿ ಹೋಗಿದ್ದಾರೆ. ಅದನ್ನು ಕಿತ್ತು ಒಲೆಗೆ ಹಾಕಿ, ಒಳಗೆ ಹೋಗಿ ಅತ್ತೆಯ ಮುಂದೆ ಕೂತೆ.

“ಅತ್ತೆ, ಮುಚ್ಚಳ ತೆಗೆದವಳು ನಾನು,” ಎಂದೆ.

ಅವರು ಮೂಲಂಗಿ ಸಿಪ್ಪೆ ತೆಗೆಯುತ್ತಿದ್ದರು. ಚಾಕು ನಿಲ್ಲಲಿಲ್ಲ. ನಾನು ಎಲ್ಲವನ್ನೂ ಹೇಳಿದೆ: ಏಳೂ ಇಪ್ಪತ್ತರ ಯಂತ್ರ, ನಿನ್ನ ಬಾಗಿಲ ಗೋಡೆ, ಕೊಕ್ಕೆ, ಸಾರು ಆರುತ್ತಿದೆ ಎಂದು ಅವರ ಮಗ ಕೂಗಿದ್ದು, ಇದೊಂದು ಸಲಿಕೆ ಎಂದು ನಾನು ಅಂದದ್ದು. ಮೂಲಂಗಿ ಬೆರಳಷ್ಟು ಸಣ್ಣಗಾಗುವವರೆಗೆ ಸುಲಿದರು. ಆಮೇಲೆ ಕೇಳಿದರು:

“ಆ ಹೆಂಗಸು ನಡೆದಿದ್ಲಾ?”

“ನಡೆದಿದ್ಲು. ನಮ್ಮದನ್ನ ಎರಡು ಸಲ ತುಳಿದು ನೋಡಿದ್ಲು.”

“ಹ್ಞೂ,” ಎಂದರು. ಎದ್ದು ತಮ್ಮ ಕೋಣೆಗೆ ಹೋದರು.

ಇದು ಒಂಬತ್ತು ದಿನದ ಹಿಂದಿನ ಮಾತು. ಅಂದಿನಿಂದ ನನ್ನ ಕೈಯ ಅಡುಗೆ ಮುಟ್ಟಿಲ್ಲ. ತೊಂಬತ್ತು ವರ್ಷದ ಮುದುಕಿ ಗೋಡೆ ಹಿಡಿದು ಅಡುಗೆಮನೆಗೆ ಬಂದು, ಒಂದು ಮುಷ್ಟಿ ಅಕ್ಕಿ ಗಂಜಿ ಬೇಯಿಸಿಕೊಂಡು, ಮಗನ ಫೋಟೋದ ಮುಂದೆ ಒಬ್ಬರೇ ಉಣ್ಣುತ್ತಾರೆ. ಬಾಯಿಬಿಟ್ಟು ಬೈದರೆ ಕಾಲಿಗೆ ಬೀಳಬಹುದಿತ್ತು. ನೀನು ಹೆದರಿದ್ದೇ ಆಯಿತು. ಆದರೂ ನಿಜ ಹೇಳುತ್ತೇನೆ, ಈ ಒಂಬತ್ತು ದಿನ ನನಗೆ ಚೆನ್ನಾಗಿ ನಿದ್ದೆ ಬಂದಿದೆ.

ಸಭೆಯಲ್ಲೂ ಹೇಳುತ್ತೇನೆ. ತಡೆಯಬೇಡ.

ಕಿನುಯೆ


ನಿಗೋರಿಸಾವಾ
ನವೆಂಬರ್ 20

ಯಾಸುಯೋ,

ಕಾಗದ ಬರಲಿಲ್ಲ. ಬರುವುದಿಲ್ಲ ಎಂದು ಹೇಳಿದ್ದೆಯಲ್ಲ, ಹಟಮಾರಿ.

ಸಭೆ ಶಾಲೆಯ ವ್ಯಾಯಾಮದ ಹಾಲಿನಲ್ಲಿತ್ತು. ಸೀಮೆಎಣ್ಣೆ ಒಲೆ ನಾಲ್ಕಿಟ್ಟಿದ್ದರೂ ಕಾಲು ಕೊರಡಾಯಿತು. ರಸ್ತೆ ವಿಭಾಗದ ಮುರಾಯಾಮಾ ಎಂಬ ಅಧಿಕಾರಿ ಬಂದಿದ್ದ. ವಯಸ್ಸು ಮೂವತ್ತೈದಿರಬಹುದು, ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದ. ಕೆಟ್ಟವನಲ್ಲ, ಆದರೆ ಪ್ರತಿ ಮಾತಿಗೂ ‘ನಿಯಮದ ಪ್ರಕಾರ’ ಎನ್ನುತ್ತಾನೆ. ರಸ್ತೆ ಪುರಸಭೆಯದು, ರಸ್ತೆಯಂಚು ನಿವಾಸಿಗಳದು, ಕಾಲುವೆಯ ನೀರು ಪುರಸಭೆಯದು, ಮುಚ್ಚಳ ನಿವಾಸಿಗಳದು. “ಹಾಗಾದ್ರೆ ಹಿಮ ಯಾರ್ದಪ್ಪಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಅವನೂ ನಕ್ಕ.

ಬಾಗಿಲು ಸರಿಯಿತು. ನೋಡಿದರೆ ಒನೋಜುಕಾ ಮಾಸ್ತರ ತೋಳು ಹಿಡಿದುಕೊಂಡು ಅತ್ತೆ ಬರುತ್ತಿದ್ದಾರೆ. ನನಗೆ ಹೇಳಿರಲಿಲ್ಲ. ನನ್ನ ಪಕ್ಕದ ಕುರ್ಚಿ ಖಾಲಿಯಿದ್ದರೂ ಹಿಂದೆ ಹೋಗಿ ಕೂತರು.

ನಾನು ಎದ್ದು ನಿಂತೆ. ಕೊಕ್ಕೆ ಮನೆಯಿಂದ ತಂದಿದ್ದೆ, ಮೇಜಿನ ಮೇಲಿಟ್ಟೆ.

“ಹಿಗುಚಿ ಯಾಸುಯೋ ಆ ದಿನ ಹದಿನಾಲ್ಕು ಮುಚ್ಚಳಾನೂ ತುಳಿದು ನೋಡಿದ್ಲು. ಅವಳು ಹೋದ ಮೇಲೆ ನಮ್ಮನೇದನ್ನ ತೆಗೆದೋಳು ನಾನು. ತೆಗೆದು, ಕಾವಲಿಲ್ದೆ ಬಿಟ್ಟು ಹೋದೋಳೂ ನಾನು. ಹೋದೋರು ನನ್ ಗಂಡ. ಅವಳ ಮೇಲೆ ಹಾಕಿರೋ ‘ನಿರ್ಲಕ್ಷ್ಯ’ ಅನ್ನೋ ಮಾತು ಆ ಕಾಗದದಿಂದ ತೆಗೀರಿ.”

ಮುರಾಯಾಮಾ ಪೆನ್ನು ತೆಗೆದು, ತಲೆ ಬಗ್ಗಿಸಿಕೊಂಡು, ಬರೆದುಕೊಳ್ಳುತ್ತಾ ಓದಿದ: “ಮಿನಾಗಾವಾ ಮನೆಯ ಸೊಸೆಯ ಅಜಾಗರೂಕತೆಯಿಂದ...”

ಆಗ ಹಿಂದಿನಿಂದ ಅತ್ತೆಯ ದನಿ: “ಬರ್ಕೋಪ್ಪಾ. ಚೆನ್ನಾಗಿ ಬರ್ಕೋ. ಆಮೇಲೆ ಕೆಳಗಡೆ ಇದನ್ನೂ ಬರ್ಕೋ. ಮೂರು ಗಂಟೆಗೆ ಬರಬೇಕಾದ ನಿಮ್ ಗಾಡಿ ಏಳೂ ಇಪ್ಪತ್ತಕ್ಕೆ ಬಂದು ಒಂದು ಹೆಂಗಸಿನ ಬಾಗಿಲಿಗೆ ಗೋಡೆ ಕಟ್ಟಿ ಹೋಯ್ತು. ಏಳರ ಮೇಲೆ ಮುಚ್ಚಳ ತೆಗೀಬಾರದು ಅಂತೀರಿ. ಏಳರ ಮೇಲೆ ನೀವು ತಂದು ಸುರಿದಿದ್ದನ್ನ ಎಲ್ಲಿ ಹಾಕ್ಬೇಕು ಅಂತ ಎಲ್ಲೂ ಬರೆದಿಲ್ವಲ್ಲ? ಸೊಸೆ ಮಾಡಿದ್ದು ಸೊಸೇದು. ನಿಮ್ದು ನಿಮ್ದು.”

ಮುರಾಯಾಮಾ ನಕ್ಷೆಯನ್ನು ಬದಿಗೆ ಸರಿಸಿದ. ‘ನಿಯಮದ ಪ್ರಕಾರ’ ಎನ್ನಲಿಲ್ಲ. ಅತ್ತೆ ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡು, ಎದ್ದು ಅವರ ಕಡೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕರಿಸಿದ.

ಮುಚ್ಚಳ ಬೆಸೆಯುವುದಿಲ್ಲ. ಯಂತ್ರ ತಡವಾಗಿ ಬಂದ ದಿನ ಮೇಲ್ಪೇಟೆಯ ನೀರು ನಿಲ್ಲಿಸಿ ಎಂಟರಿಂದ ಎಂಟೂವರೆಯವರೆಗೆ ನಮಗೆ ಇನ್ನೊಂದು ಹೊತ್ತು ಕೊಡುತ್ತಾರೆ. ನಿನ್ನ ಹಾಲು ಅಷ್ಟರಲ್ಲಿ ಅಚ್ಚಿಗೆ ಬಿದ್ದಿರುತ್ತದೆ. ಇನ್ನೊಂದು ನಿಯಮ ಪೇಟೆಯವರೇ ಮಾಡಿಕೊಂಡದ್ದು: ಮುಚ್ಚಳ ತೆಗೆದಲ್ಲಿ ಇಬ್ಬರು ಇರಬೇಕು, ಒಬ್ಬರು ತಳ್ಳುವುದಕ್ಕೆ, ಒಬ್ಬರು ಅಲ್ಲಿಂದ ಕದಲದೆ ನಿಲ್ಲುವುದಕ್ಕೆ. ಪ್ರತಿ ಮನೆಯವರೂ ಎರಡು ಹೆಸರು ಕೊಡಬೇಕು.

ಮನೆಗೆ ಬಂದ ಮೇಲೆ ಅತ್ತೆ ಕಾಲು ಚಾಚಿ ಕೂತು ಹೇಳಿದರು: “ನಿನ್ನ ಪರವಾಗಿ ಮಾತಾಡ್ದೆ ಅಂದ್ಕೋಬೇಡ. ನನಗಿನ್ನೂ ನಿನ್ ಮುಖ ನೋಡೋಕಾಗಲ್ಲ.”

“ಸರಿ ಅತ್ತೆ,” ಎಂದೆ.

ಅಂದು ಸಂಜೆ ಸಾರು ಮಾಡಿ ದೂರದಲ್ಲಿಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಕೂಗು: “ಏನಿದು ಇದರಲ್ಲಿ? ರಬ್ಬರು ಹಾಕಿದ್ದೀಯಾ?”

“ದೊಡ್ಡಂಗಡಿ ಪ್ಯಾಕೆಟ್ ತೋಫು ಅತ್ತೆ. ಬೇರೆ ಎಲ್ಲಿ ಸಿಗುತ್ತೆ?”

“ಹತ್ತು ತಿಂಗಳಿಂದ ಈ ರಬ್ಬರೇ ಆಯ್ತು. ನನ್ ಮಗನ ಮುಂದೂ ಇದನ್ನೇ ಇಟ್ಟಿದ್ದೀಯಲ್ಲ, ಅವನು ತಿಂತಾನಾ? ಆ ಹೆಂಗಸಿಗೆ ಕಾಗದ ಬರಿ.”

ಬಟ್ಟಲು ತರಲು ಹೋದಾಗ ಸಾರು ಪೂರ್ತಿ ಖಾಲಿಯಾಗಿತ್ತು. ನಿನ್ನ ಅಂಗಡಿ ಕಡೆಯ ಕಿಟಕಿಯ ಪರದೆ ಒಂದು ಗೇಣು ಸರಿದಿತ್ತು. ಅಡುಗೆಮನೆಗೆ ಬಂದು ಜೋರಾಗಿ ಅತ್ತುಬಿಟ್ಟೆ ಯಾಸುಯೋ, ನಮ್ಮ ಮನೆಯವರು ಹೋದ ಮೇಲೆ ಮೊದಲ ಸಲ.

ಸರದಿಯ ಪುಸ್ತಕ ತರಿಸಿಕೊಂಡು ಜನವರಿ ಇಪ್ಪತ್ತನಾಲ್ಕರ ಖಾಲಿ ಸಾಲನ್ನು ತುಂಬಿದ್ದೇನೆ. “ಏಳು ಗಂಟೆ. ಹದಿನಾಲ್ಕು ಮುಚ್ಚಳ ನೋಡಿದೆ, ಎಲ್ಲ ಸರಿ. ಹಿಗುಚಿ ಯಾಸುಯೋ.” ಕೆಳಗೆ ಇನ್ನೊಂದು ಸಾಲು: “ಏಳೂವರೆ. ಒಂಬತ್ತನೆಯದನ್ನು ತೆಗೆದೆ. ಮಿನಾಗಾವಾ ಕಿನುಯೆ.” ಮಾಸ್ತರು ಎರಡರ ಪಕ್ಕದಲ್ಲೂ ಮೊಹರು ಒತ್ತಿದರು.

ನಮ್ಮ ಮುಚ್ಚಳಕ್ಕೆ ಎರಡು ಹೆಸರು ಬೇಕು. ಒಂದು ಬರೆದಿದ್ದೇನೆ. ಡಿಸೆಂಬರ್ ಹತ್ತರೊಳಗೆ ಇನ್ನೊಂದು ಕೊಡದಿದ್ದರೆ ನಮ್ಮದನ್ನು ತೆಗೆಯಲು ಬಿಡುವುದಿಲ್ಲವಂತೆ. ಮಾಸ್ತರ ಮಗ ನಿಲ್ಲುತ್ತೇನೆ ಎಂದಿದ್ದಾನೆ. ತಡಿ, ಒಬ್ಬರನ್ನು ಕೇಳಿದ್ದೇನೆ ಎಂದೆ.

ಕಿನುಯೆ


ಯಾಯ್ಜು
ಡಿಸೆಂಬರ್ 3

ಅಕ್ಕ,

ನಿಮ್ಮ ಕಾಗದವನ್ನು ಮೀನಿನ ತಟ್ಟೆಗಳ ನಡುವೆ ನಿಂತು ಓದಿದೆ. ಮೇಸ್ತ್ರಿ “ಏನಮ್ಮ, ಕೆಟ್ಟ ಸುದ್ದಿನಾ?” ಎಂದ. ಇಲ್ಲಪ್ಪ, ನಮ್ಮೂರಿನ ಹಿಮದ ಸುದ್ದಿ ಎಂದೆ. ಹಿಮಕ್ಕೆ ಯಾರಾದರೂ ಹೀಗೆ ಅಳುತ್ತಾರಾ ಎಂದುಕೊಂಡಿರಬೇಕು.

ಕೋಪವೂ ಬಂತು. ಇಷ್ಟು ದಿನ ಹೊತ್ತದ್ದನ್ನು ನನ್ನನ್ನು ಕೇಳದೆ ಇಳಿಸಿಬಿಟ್ಟಿರಿ. ಸಂಜೆ ಬಂದರಿನ ಕಟ್ಟೆಯ ಮೇಲೆ ಕೂತಾಗ ಹೆಗಲು ಎಷ್ಟು ಹಗುರವಾಗಿದೆ ಎಂದು ಗೊತ್ತಾಯಿತು. ಅದಕ್ಕೂ ಅತ್ತುಬಿಟ್ಟೆ.

ಎಂಟನೆಯ ತಾರೀಖಿನ ಬಸ್ಸಿಗೆ ಬರುತ್ತೇನೆ. ಏಳರ ಸಂಜೆ ಎರಡು ಸೇರು ಕಾಳು ತೊಳೆದು ನೆನೆಹಾಕಿಡಿ, ಬಾವಿಯ ನೀರಿನಲ್ಲಿ, ನಲ್ಲಿಯದರಲ್ಲಿ ಅಲ್ಲ. ಮೊದಲ ಅಚ್ಚಿನ ತೋಫು ಭಾವನಿಗೆ. ಅತ್ತೆಯವರಿಗೆ ಎರಡನೆಯದು. ಬಾಗಿಲಿಗೆ ಬಂದು ನಾನೇ ಕೊಡುತ್ತೇನೆ. ತೆಗೆದುಕೊಳ್ಳದಿದ್ದರೆ ಮರುದಿನ ಮತ್ತೆ ಕೊಡುತ್ತೇನೆ.

ಆ ಮುಚ್ಚಳದ ಮೇಲೆ ಕಾಲಿಡಲಾಗುತ್ತಿಲ್ಲ ಎಂದು ಬರೆದಿದ್ದಿರಿ. ಒಂಬತ್ತರ ಬೆಳಗ್ಗೆ ಏಳಕ್ಕೆ ನಿಮ್ಮ ಮನೆ ಮುಂದೆ ನಿಂತಿರುತ್ತೇನೆ. ಬೂಟು ಹಾಕಿಕೊಂಡು ಹೊರಗೆ ಬನ್ನಿ. ಕೈ ಹಿಡಿದುಕೊಳ್ಳೋಣ. ನೀವೊಂದು ಕಾಲು, ನಾನೊಂದು ಕಾಲು ಇಟ್ಟು, ಠಣ್ ಎನ್ನುವವರೆಗೆ ತುಳಿಯೋಣ.

ಎರಡನೆಯ ಹೆಸರು ನನ್ನದು ಬರೆಯಿರಿ. ತಳ್ಳುವವಳು ನಾನು. ನೀವು ನಿಂತಿರಿ.

ನಿಮ್ಮ
ಯಾಸುಯೋ